ದೆಹಲಿ ದರ್ಶನವೋ, ದೊರೆಗಳ ದರ್ಶನವೋ?

ದೆಹಲಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ಎಲ್ಲರ ಬಾಯಲ್ಲೂ ಒಂದೇ ಪಟ್ಟಿ ಬರುತ್ತದೆ: ಕೆಂಪುಕೋಟೆ, ಕುತುಬ್ ಮಿನಾರ್, ಹುಮಾಯೂನನ ಗೋರಿ, ಇಂಡಿಯಾ ಗೇಟ್, ರಾಷ್ಟ್ರಪತಿ ಭವನ, ಪ್ರಧಾನಿಗಳ ವಸ್ತುಸಂಗ್ರಹಾಲಯ. ದೊರೆ ಬಾಳಿದ ಮನೆ, ದೊರೆ ಮಲಗಿದ ಗೋರಿ, ದೊರೆ ಗೆದ್ದುದಕ್ಕೆ ಎತ್ತಿದ ಕಂಬ, ಇಷ್ಟಕ್ಕೆ ದರ್ಶನ ಮುಗಿಯಿತು. ಶಾಲೆಯ ಮಕ್ಕಳಾಗಲಿ, ಸಾರ್ವಜನಿಕರ ಹಣದಲ್ಲಿ ‘ಅಧ್ಯಯನ ಪ್ರವಾಸ’ ಹೊರಡುವ ಪುರಸಭೆಯ ಸದಸ್ಯರಾಗಲಿ, ಎಲ್ಲರಿಗೂ ಅದೇ ಬಸ್ಸು, ಅದೇ ಪಾಠ.

ಹಳೆಯ ಕಟ್ಟಡಗಳನ್ನು ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಕೆಡವಿರಿ ಎಂದಂತೂ ಹೇಳುವುದೇ ಇಲ್ಲ. ಆ ಕೆಲಸಕ್ಕೆ ಬೇರೆಯವರಿದ್ದಾರೆ. ನಮ್ಮ ತಕರಾರು ನೋಡಿಸುವ ರೀತಿಯ ಮೇಲೆ. ತನ್ನದೇ ರಾಜಧಾನಿಗೆ ಯಜಮಾನನಾಗಿ ಹೋದ ಮತದಾರನನ್ನು ಈ ದರ್ಶನವು ಧಣಿಯ ಅಂಗಳದಲ್ಲಿ ಬಾಯಿ ಬಿಟ್ಟು ನಿಂತ ಒಕ್ಕಲಾಳನ್ನಾಗಿ ಮಾಡಿ ಊರಿಗೆ ಕಳುಹಿಸುತ್ತದೆ.

ರಾಷ್ಟ್ರಪತಿ ಭವನವನ್ನೇ ತೆಗೆದುಕೊಳ್ಳಿ. 340 ಕೋಣೆಗಳು, 70 ಕೋಟಿ ಇಟ್ಟಿಗೆಗಳು, ವಾಸ್ತುಶಿಲ್ಪಿ ಲಟ್ಯೆನ್ಸ್ ಎಂದು ಒಪ್ಪಿಸುತ್ತಾರೆ. ಅದು ಯಾರ ನೆಲ? 1911ರ ದರ್ಬಾರಿನಲ್ಲಿ ಬ್ರಿಟಿಷ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಾಯಿಸುವುದಾಗಿ ಸಾರಿದ ಮೇಲೆ, ರೈಸಿನಾ, ಮಾಲ್ಚಾ ಮೊದಲಾದ ಹಳ್ಳಿಗಳ ಭೂಮಿಯನ್ನು 1894ರ ಭೂಸ್ವಾಧೀನ ಕಾಯಿದೆಯ ಬಲದಿಂದ ಕಿತ್ತುಕೊಳ್ಳಲಾಯಿತು. ಮಾಲ್ಚಾದ ಒಕ್ಕಲುಗಳು ಇಂದಿನ ಹರಿಯಾಣದ ಕಡೆಗೆ ಚದುರಿಹೋದರು. ನೂರು ವರ್ಷ ಕಳೆದ ಮೇಲೂ ಅವರ ಮೊಮ್ಮಕ್ಕಳು ಪರಿಹಾರ ಕೇಳಿ ಕೋರ್ಟಿನ ಮೆಟ್ಟಿಲು ಹತ್ತಿದರು. ಶರಾವತಿ ಮುಳುಗಡೆಯ ಜನಕ್ಕೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜಸ್ಥಾನದ ಕಡೆಯಿಂದ ಬಂದ ಗಂಡಾಳು ಹೆಣ್ಣಾಳುಗಳು ಗುಡಿಸಲಲ್ಲಿದ್ದು, ಕಲ್ಲು ಹೊತ್ತು, ಈ ಅರಮನೆಗಳನ್ನು ಎಬ್ಬಿಸಿದರು. 1931ರಲ್ಲಿ ಹೊಸ ದೆಹಲಿಯ ಉದ್ಘಾಟನೆಯಾಯಿತು. ಗುತ್ತಿಗೆದಾರರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಹೊತ್ತವರ ಹೆಸರು?

ಕೂಲಿಯ ಹೆಸರು ಕಲ್ಲಿನಲ್ಲಿ ನಿಲ್ಲುವುದುಂಟೇ ಎಂದು ಯಾರಾದರೂ ನಕ್ಕರೆ, ಅವರು ಕುತುಬ್ ಮಿನಾರಿಗೆ ಹೋಗಲಿ. ಅಲ್ಲಿ ಗೈಡಿನ ಮಾತು ಐಬಕ್ ಮತ್ತು ಇಲ್ತುಮಿಷರದು. ಆಮೇಲೆ ಗುಡಿ ಮಸೀದಿಗಳ ಜಗಳ. ಬಸ್ಸಿನಲ್ಲಿ ಒಟ್ಟಿಗೆ ಬಂದವರು ಇಳಿಯುವಾಗ ಹಿಂದೂ ಮುಸ್ಲಿಮರಾಗಿ ಇಳಿಯಬೇಕು, ಇಂದಿನ ದೊರೆಗಳಿಗೆ ಬೇಕಾದದ್ದೂ ಅಷ್ಟೇ. ಆದರೆ ಅದೇ ಮಿನಾರಿನ ಮೈಮೇಲೆ ನಾಗರಿ ಲಿಪಿಯ ಬರಹಗಳಿವೆ. 1369ರ ಸುಮಾರಿಗೆ ಸಿಡಿಲು ಬಡಿದು ಹಾಳಾದದ್ದನ್ನು ಫಿರೋಜ್ ಷಾ ತುಘಲಕನ ಕಾಲದಲ್ಲಿ ದುರಸ್ತಿ ಮಾಡಿದ ಶಿಲ್ಪಿಗಳು ವಿಶ್ವಕರ್ಮನನ್ನು ನೆನೆದು, ನಾನಾ, ಸಾಲ್ಹಾ ಎಂದು ತಮ್ಮ ಹೆಸರು ಕೆತ್ತಿದ್ದಾರೆ. ಸುಲ್ತಾನನ ಮಿನಾರಿನ ಮೇಲೆ ವಿಶ್ವಕರ್ಮನ ಹೆಸರು! ನಮ್ಮ ಬಳ್ಳಿಗಾವಿಯ ದಾಸೋಜ ಬೇಲೂರಿನಲ್ಲಿ ಮಾಡಿದ್ದೂ ಇದನ್ನೇ. ಉಳಿ ಹಿಡಿದವನ ಸಹಿಯನ್ನು ಎಷ್ಟು ಗೈಡುಗಳು ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಾರೆ?

ಇನ್ನು ತೀನ್ ಮೂರ್ತಿ ಭವನ. ಬ್ರಿಟಿಷ್ ದಂಡನಾಯಕನಿಗಾಗಿ ಕಟ್ಟಿದ ಈ ಬಂಗಲೆಯಲ್ಲಿ ನೆಹರೂ 1948ರಿಂದ 1964ರಲ್ಲಿ ತೀರಿಕೊಳ್ಳುವವರೆಗೆ ವಾಸವಾಗಿದ್ದರು. ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದು ಲೋಹಿಯಾ ಗುಡುಗಿದ್ದು ಆ ಕಾಲದಲ್ಲೇ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು 1963ರಲ್ಲಿ ಅವರು ಲೋಕಸಭೆಯಲ್ಲಿ ಲೆಕ್ಕ ಮುಂದಿಟ್ಟಾಗ, ಸರ್ಕಾರ ಹದಿನೈದಾಣೆ ಎಂದು ವಾದಿಸಿತು. ಮೂರಾಣೆಯೋ ಹದಿನೈದಾಣೆಯೋ, ಆ ವಾದ ಇರಲಿ. ಬಂಗಲೆ ಮಾತ್ರ ಸ್ಮಾರಕವಾಯಿತು. 2022ರಲ್ಲಿ ಈಗಿನ ಸರ್ಕಾರ ಅಲ್ಲಿ ಎಲ್ಲ ಪ್ರಧಾನಿಗಳ ಸಂಗ್ರಹಾಲಯ ತೆರೆಯಿತು. ಒಬ್ಬರ ಪೂಜೆ ತಪ್ಪೆಂದವರು ಕಂಡುಹಿಡಿದ ಮದ್ದು, ಎಲ್ಲರ ಪೂಜೆ! ಕಾಂಗ್ರೆಸ್ಸು ಹೋಗಿ ಬಿಜೆಪಿ ಬಂದರೂ ಗರ್ಭಗುಡಿ ಬದಲಾಗಲಿಲ್ಲ, ಉತ್ಸವಮೂರ್ತಿಗಳು ಹೆಚ್ಚಾದವು, ಅಷ್ಟೇ.

ಚಾಣಕ್ಯಪುರಿಯ ರೈಲು ಮ್ಯೂಸಿಯಮ್ಮಿಗೂ ಹೋಗಿ. ನಮ್ಮ ಮೈಸೂರು ಮಹಾರಾಜರ ಸಲೂನ್ ಗಾಡಿ ಅಲ್ಲಿದೆ. ಚೆಂದವಾಗಿದೆ, ನೋಡಿ. ಆದರೆ ಆ ಮ್ಯೂಸಿಯಂ ತೆರೆದದ್ದು 1977ರಲ್ಲಿ. ಅದಕ್ಕೆ ಮೂರೇ ವರ್ಷ ಮೊದಲು, 1974ರ ಮೇ ತಿಂಗಳಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ನಾಯಕತ್ವದಲ್ಲಿ ಸುಮಾರು 17 ಲಕ್ಷ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದ್ದರು. ಸಾವಿರಾರು ಜನ ಜೈಲು ಸೇರಿದರು. ರೈಲಿನ ಚರಿತ್ರೆ ಎಂದರೆ ಮಹಾರಾಜರು ಕುಳಿತ ಕುರ್ಚಿಯೋ, ಕಲ್ಲಿದ್ದಲು ತುಂಬಿದ ಕೈಯೋ? ಈ ಪ್ರಶ್ನೆಯನ್ನು ಮಕ್ಕಳ ಬಾಯಿಂದ ಕೇಳಿಸಿ.

ಕೊನೆಗೆ ಜಂತರ್ ಮಂತರ್. ಜಯಪುರದ ಸವಾಯಿ ಜೈಸಿಂಗ್ ನಕ್ಷತ್ರಗಳನ್ನು ಅಳೆಯಲು ಕಟ್ಟಿಸಿದ ಯಂತ್ರಗಳನ್ನು ಟಿಕೆಟ್ಟು ಕೊಂಡು ನೋಡುತ್ತೇವೆ. ಪಕ್ಕದ ರಸ್ತೆಯಲ್ಲೇ ದೇಶದ ಮೂಲೆಮೂಲೆಗಳಿಂದ ಬಂದ ಜನ ತಮ್ಮ ಕಷ್ಟ ಹೇಳಿಕೊಂಡು ಧರಣಿ ಕೂರುತ್ತಾರೆ. 2017ರಲ್ಲಿ ಹಸಿರು ನ್ಯಾಯಮಂಡಳಿ ಇವರ ಕೂಗನ್ನು ಶಬ್ದಮಾಲಿನ್ಯವೆಂದು ಹೇಳಿ ಧರಣಿಯನ್ನು ನಿಷೇಧಿಸಿತು. ಪೂರ್ತಿ ನಿಷೇಧ ಸಲ್ಲದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಬೇಕಾಯಿತು. 1988ರಲ್ಲಿ ಟಿಕಾಯತರ ರೈತರು ಇಂಡಿಯಾ ಗೇಟಿನ ಸಮೀಪ, ಬೋಟ್ ಕ್ಲಬ್ಬಿನ ಹುಲ್ಲಿನ ಮೇಲೆಯೇ ಕುಳಿತಿದ್ದರು. 2020ರಲ್ಲಿ ಬಂದ ರೈತರನ್ನು ಸಿಂಘು, ಟಿಕ್ರಿ, ಗಾಜಿಪುರಗಳ ಗಡಿಯಲ್ಲೇ ತಡೆದು, ರಸ್ತೆಗೆ ಮೊಳೆ ಬಡಿದರು. ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಕುಳಿತು, 2021ರಲ್ಲಿ ಮೂರು ಕಾಯಿದೆಗಳನ್ನು ಹಿಂದೆಗೆಸಿಯೇ ಅವರು ಎದ್ದರು. ನೋಡಲು ಬಂದವನಿಗೆ ಟಿಕೆಟ್ಟು, ಲೆಕ್ಕ ಕೇಳಲು ಬಂದವನಿಗೆ ಮೊಳೆ. ದೆಹಲಿಯಲ್ಲಿ ನೋಡಬೇಕಾದದ್ದು ಇದು.

ಆದ್ದರಿಂದ ನಮ್ಮ ಬೇಡಿಕೆ ಸರಳ. ನೆಲ ಕಳೆದುಕೊಂಡ ಹಳ್ಳಿಗಳ ಹೆಸರನ್ನು ರೈಸಿನಾ ಗುಡ್ಡದ ಮೇಲೆ ಫಲಕ ಹಾಕಿ ಬರೆಯಲಿ. ಕುತುಬಿನ ಶಿಲ್ಪಿಗಳ ಹೆಸರುಗಳನ್ನು ಎಲ್ಲ ಭಾಷೆಗಳಲ್ಲೂ ಓದಿ ಹೇಳಲಿ. ಮಕ್ಕಳನ್ನು ಕರೆದೊಯ್ಯುವ ಮೇಷ್ಟರುಗಳು ಜಂತರ್ ಮಂತರ್ ರಸ್ತೆಯಲ್ಲಿ ಒಂದು ಗಂಟೆ ನಿಲ್ಲಿಸಿ, ಅಲ್ಲಿ ಕುಳಿತವರನ್ನು ಮಾತನಾಡಿಸಲಿ. ಪುರಸಭೆಯ ಸದಸ್ಯರು ಹಿಂತಿರುಗಿದ ವಾರದೊಳಗೆ ತಮ್ಮ ವಾರ್ಡಿನಲ್ಲಿ ಸಭೆ ಕರೆದು, ಏನು ಕಲಿತೆವು, ಎಷ್ಟು ಖರ್ಚಾಯಿತು ಎಂಬ ಲೆಕ್ಕ ಓದಲಿ. ಓದದಿದ್ದರೆ ಮತದಾರರೇ ಎದ್ದು ನಿಂತು ಕೇಳಲಿ. ಗೇಣಿ ಅಳೆಯುವ ಕೊಳಗದ ಲೆಕ್ಕವನ್ನು 1951ರಲ್ಲಿ ಕಾಗೋಡಿನ ಒಕ್ಕಲುಗಳು ಧಣಿಯನ್ನೇ ಕೇಳಿದರು. ಪುರಸಭೆಯವರನ್ನು ಕೇಳಲು ನಮಗೇನು ಅಂಜಿಕೆ?

ಲೋಹಿಯಾ 1967ರಲ್ಲಿ ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಇಂದು ಆ ಆಸ್ಪತ್ರೆಗೆ ಅವರದೇ ಹೆಸರು. ಅಲ್ಲಿ ಬಡವರು ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ದರ್ಶನದ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ದೆಹಲಿಗೆ ಹೋಗುವ ಬಂಧುಗಳೇ, ನೀವಾದರೂ ಇಳಿದು ನೋಡಿ ಬನ್ನಿ. ಸ್ವತಂತ್ರ ದೇಶದ ರಾಜಧಾನಿ ತನ್ನ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಆ ಸಾಲಿನಲ್ಲಿ ತಿಳಿಯುತ್ತದೆ.