ಆ ಪುಟಗಳನ್ನು ಬಿಟ್ಟು ಮುಂದೆ ಹೋಗಿ ಎಂದವರಿಗೆ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವೊಂದಿದೆ. ಅಮೀಬಾ ಎರಡಾಗುತ್ತದೆ, ಯೀಸ್ಟ್ ಮೊಗ್ಗೊಡೆಯುತ್ತದೆ, ಹೂವಿಗೆ ಪರಾಗ ತಾಗುತ್ತದೆ. ಅಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಮನುಷ್ಯರ ಚಿತ್ರ ಬರುವ ಪುಟಗಳನ್ನು ಮಾತ್ರ ‘ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಮುಂದೆ ಹೋಗಿ’ ಎಂದು ನಮ್ಮ ಶಾಲೆಯ ಕೆಲವು ಪೋಷಕರು ಮನವಿ ಕೊಟ್ಟಿದ್ದಾರೆ. ಸಹಿ ಹಾಕಿದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅವರು ಗೌರವದಿಂದ ಬರೆದಿದ್ದಾರೆ, ಕಾರಣಗಳನ್ನೂ ಕೊಟ್ಟಿದ್ದಾರೆ. ಹಾಗಾಗಿ ಒಂದೊಂದಕ್ಕೂ ಉತ್ತರ ಹೇಳುವುದು ನನ್ನ ಕರ್ತವ್ಯ.

ಮೊದಲನೆಯ ಮಾತು, ಮಕ್ಕಳಿಗೆ ಇನ್ನೂ ವಯಸ್ಸಾಗಿಲ್ಲ ಎಂಬುದು. ಹತ್ತನೆಯ ತರಗತಿಯ ಮಕ್ಕಳಿಗೆ ಹದಿನೈದೋ ಹದಿನಾರೋ ವರ್ಷ. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಹನ್ನೆರಡು, ಹದಿಮೂರಕ್ಕೇ ಮೈನೆರೆದಿರುತ್ತಾರೆ. ಹುಡುಗರ ಧ್ವನಿ ಒಡೆದು ಎಷ್ಟೋ ದಿನವಾಗಿರುತ್ತದೆ. ಮೈಯಲ್ಲಿ ಆಗಬೇಕಾದದ್ದು ಆಗಿಹೋದ ಮೇಲೆ ಈ ಪಾಠ ಬರುತ್ತದೆ. ನನ್ನನ್ನು ಕೇಳಿದರೆ ಇದು ತಡವಾಗಿಯೇ ಬರುತ್ತಿದೆ.

ಎರಡನೆಯದು, ಆ ಅಂಗಗಳ ಹೆಸರುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳುವುದು ಅಸಭ್ಯ ಎಂಬುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಮಾತು.

ಎಷ್ಟೋ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೊಟ್ಟೆನೋವು ಎಂದು ಕುಸಿದು ಕೂತ. ಎರಡು ಸಲ ವಾಂತಿಯಾಯಿತು. ಮನೆಗೆ ಕಳಿಸಿದೆವು. ಮನೆಯಲ್ಲಿ ಜೀರಿಗೆ ಕಷಾಯ ಕೊಟ್ಟು ಮಲಗಿಸಿದರು. ಮೂರನೆಯ ದಿನ ಆಸ್ಪತ್ರೆಗೆ ಒಯ್ದಾಗ ಗೊತ್ತಾಯಿತು, ನೋವು ಹೊಟ್ಟೆಯದಲ್ಲ, ಒಂದು ವೃಷಣ ತಿರುಚಿಕೊಂಡಿತ್ತು. ಅದನ್ನು ತೆಗೆದುಹಾಕಬೇಕಾಯಿತು.

ವೃಷಣ ಏಕೆ ತಿರುಚಿಕೊಳ್ಳುತ್ತದೆ ಎಂಬುದು ಆ ಅಂಗದ ರಚನೆಯಲ್ಲೇ ಇದೆ. ವೀರ್ಯಾಣು ಸರಿಯಾಗಿ ತಯಾರಾಗಲು ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಬೇಕು. ಅದಕ್ಕಾಗಿ ಮಗು ಹುಟ್ಟುವ ಮುನ್ನವೇ ವೃಷಣಗಳು ಹೊಟ್ಟೆಯೊಳಗಿಂದ ಇಳಿದು ಹೊರಗಿನ ಚೀಲಕ್ಕೆ ಬರುತ್ತವೆ. ಬರುವಾಗ ತಮ್ಮ ರಕ್ತನಾಳ, ನರ, ವೀರ್ಯನಾಳ ಎಲ್ಲವನ್ನೂ ಒಂದು ಹುರಿಯಂತೆ ಜೊತೆಗೆ ಎಳೆದುಕೊಂಡು ಬರುತ್ತವೆ. ಆ ಹುರಿಗೆ ಜೋತುಬಿದ್ದ ಅಂಗ ಕೆಲವರಲ್ಲಿ ಸಡಿಲವಾಗಿ ಕೂತು, ಒಮ್ಮೆಲೇ ಸುತ್ತಿಕೊಳ್ಳುತ್ತದೆ. ಹುರಿ ತಿರುಚಿದರೆ ರಕ್ತ ನಿಂತಿತು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಗ ಸಾಮಾನ್ಯವಾಗಿ ಉಳಿಯುತ್ತದೆ, ದಿನ ಕಳೆದರೆ ಉಳಿಯುವುದು ಅಪರೂಪ. ಇದು ಹೆಚ್ಚಾಗಿ ಆಗುವುದು ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ, ಅಂದರೆ ನನ್ನ ಮುಂದೆ ಬೆಂಚಿನ ಮೇಲೆ ಕೂತಿರುವವರಲ್ಲಿ. ನೋವು ಕಿಬ್ಬೊಟ್ಟೆಗೂ ಹಬ್ಬುವುದರಿಂದ ಹೊಟ್ಟೆನೋವು ಎಂದು ಹೇಳಿ ಮರೆಮಾಚುವುದು ಸುಲಭ.

ಗುಣವಾಗಿ ಶಾಲೆಗೆ ಮರಳಿದ ಆ ಹುಡುಗನನ್ನು ‘ಮೊದಲೇ ಯಾಕಪ್ಪ ಹೇಳಲಿಲ್ಲ’ ಎಂದು ಕೇಳಿದೆ. ‘ಯಾವ ಮಾತಲ್ಲಿ ಹೇಳಬೇಕಿತ್ತು ಮಿಸ್?’ ಎಂದ. ಅವನಿಗೆ ಗೊತ್ತಿದ್ದ ಹೆಸರುಗಳೆಲ್ಲ ಬೈಗುಳಗಳು. ಅಪ್ಪ ಅಮ್ಮನ ಎದುರು, ಟೀಚರ ಎದುರು ಬಾಯಿಗೆ ತರಬಹುದಾದ ಒಂದೇ ಒಂದು ಪದವನ್ನೂ ನಾವು ಅವನಿಗೆ ಕೊಟ್ಟಿರಲಿಲ್ಲ.

ಪೋಷಕರೇ, ಅಸಭ್ಯ ಪದಗಳನ್ನು ಮಕ್ಕಳು ಬೀದಿಯಲ್ಲಿ ಆಗಲೇ ಕಲಿತಿದ್ದಾರೆ. ವೃಷಣ, ಶಿಶ್ನ, ಯೋನಿ, ಗರ್ಭಕೋಶ, ಅಂಡಾಶಯ ಎಂಬ ಸಭ್ಯ ಪದಗಳು ಅವರಿಗೆ ಸಿಗುವ ಜಾಗ ಈ ಪಾಠವೊಂದೇ. ಇನ್ನೂ ಒಂದಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಯಾರು ಎಲ್ಲಿ ಮುಟ್ಟಿದರು ಎಂದು ಹೇಳಲು ಮಗುವಿಗೆ ಪದವೇ ಇಲ್ಲದಿದ್ದರೆ ಆ ಕಾಯ್ದೆ ಅದರ ಕೈಗೆ ಹೇಗೆ ಎಟುಕೀತು?

ಮೂರನೆಯ ಆಕ್ಷೇಪವನ್ನು ಒಬ್ಬ ಹಿರಿಯರು ಬರೆದಿದ್ದಾರೆ: ಇದನ್ನೆಲ್ಲ ತಿಳಿದರೆ ಹುಡುಗರು ಧಾತು ಕಳೆದುಕೊಂಡು ನಿಶ್ಶಕ್ತರಾಗುತ್ತಾರೆ, ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕು. ಈ ಲೆಕ್ಕ ನಮ್ಮ ಅಜ್ಜಂದಿರ ಕಾಲದಿಂದ ಕೇಳುತ್ತಾ ಬಂದದ್ದು, ಅವರು ನಂಬಿಯೇ ಹೇಳಿದ್ದಾರೆ. ಆದರೆ ವೀರ್ಯ ರಕ್ತದಿಂದ ಭಟ್ಟಿ ಇಳಿದದ್ದಲ್ಲ. ಒಂದು ಸಲಕ್ಕೆ ಬರುವುದು ಎರಡರಿಂದ ಐದು ಮಿಲಿಲೀಟರ್, ಒಂದು ಚಹಾ ಚಮಚೆಯಷ್ಟು. ಅದರಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನೂ ಮೀರದು. ಉಳಿದದ್ದು ಶುಕ್ರಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳು ಸ್ರವಿಸುವ ನೀರು, ಒಂದಿಷ್ಟು ಫ್ರಕ್ಟೋಸ್ ಸಕ್ಕರೆ, ಸ್ವಲ್ಪ ಪ್ರೋಟೀನು, ಲವಣ. ವೃಷಣಗಳು ದಿನವೂ ಕೋಟಿಗಟ್ಟಲೆ ವೀರ್ಯಾಣು ತಯಾರಿಸುತ್ತಲೇ ಇರುತ್ತವೆ. ಒಂದೊಂದು ರೂಪುಗೊಳ್ಳಲು ಎರಡು ತಿಂಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಹೊರಗೆ ಹೋಗದವನ್ನು ಮೈ ಕರಗಿಸಿ ಹೀರಿಕೊಳ್ಳುತ್ತದೆ. ನಿದ್ದೆಯಲ್ಲಿ ಸ್ಖಲನವಾಗುವುದು ರೋಗವಲ್ಲ, ಬೆಳೆಯುತ್ತಿರುವುದರ ಗುರುತು. ಇದನ್ನು ಹೇಳುವವರಿಲ್ಲದೆ ಹುಡುಗರು ಬಸ್ ನಿಲ್ದಾಣದ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ಓದಿ, ಅಪ್ಪನ ಜೇಬಿನಿಂದ ದುಡ್ಡು ತೆಗೆದು ಪುಡಿ ಕೊಳ್ಳುತ್ತಾರೆ. ಓದಿನಲ್ಲಿ ಮುಂದಿದ್ದ ಮಕ್ಕಳು ಈ ಭಯಕ್ಕೆ ಸೊರಗಿದ್ದನ್ನು ನಾನು ಕಂಡಿದ್ದೇನೆ. ಅವರ ಶಕ್ತಿಯನ್ನು ಹೀರಿದ್ದು ಆ ನಲವತ್ತು ಹನಿಯ ಲೆಕ್ಕವೇ.

ನಾಲ್ಕನೆಯದು ರಾಜಿಯ ಸಲಹೆ. ಹುಡುಗರಿಗೆ ಗಂಡಿನ ಭಾಗ, ಹುಡುಗಿಯರಿಗೆ ಹೆಣ್ಣಿನ ಭಾಗ, ಬೇರೆ ಬೇರೆ ಕೋಣೆಯಲ್ಲಿ. ಸದುದ್ದೇಶದ ಮಾತು ಎಂದು ಬಲ್ಲೆ, ಆದರೂ ಒಪ್ಪಲಾರೆ. ನಮ್ಮ ಮನೆಗಳಲ್ಲಿ ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ದೂರುತ್ತಾರೆ. ಅಂಡಾಣುವಿನಲ್ಲಿ ಯಾವಾಗಲೂ ಇರುವುದು ಎಕ್ಸ್ ವರ್ಣತಂತು. ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್, ಅರ್ಧ ವೈ ಹೊತ್ತಿರುತ್ತವೆ. ಮಗು ಗಂಡೋ ಹೆಣ್ಣೋ ಎಂಬುದು ಅವುಗಳಲ್ಲಿ ಯಾವುದು ಅಂಡವನ್ನು ಸೇರಿತು ಎಂಬುದರ ಮೇಲಿದೆ, ಅದು ಯಾರ ಕೈಯಲ್ಲೂ ಇಲ್ಲ. ನೆಟ್ಟಿ ಸ್ಟೀವನ್ಸ್ ಎಂಬಾಕೆ ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಬರೆದದ್ದು 1905ರಲ್ಲಿ. ನೂರು ವರ್ಷ ದಾಟಿದರೂ ಸುದ್ದಿ ನಮ್ಮ ಅಡುಗೆಮನೆಗೆ ಮುಟ್ಟಿಲ್ಲ. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಅದರ ಅಗತ್ಯವೇಕೆ ಬಿತ್ತು ಎಂಬುದನ್ನು ಹುಡುಗರು ಕೇಳಬೇಡವೇ?

ಮಕ್ಕಳಾಗದಿದ್ದರೂ ಹಾಗೆಯೇ. ‘ಬಂಜೆ’ ಎಂಬ ಮಾತನ್ನು ಹೆಣ್ಣಿನ ಹಣೆಗೇ ಅಂಟಿಸಿದ್ದೇವೆ. ಬಸಿರು ನಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ, ಒಮ್ಮೊಮ್ಮೆ ಅದೊಂದೇ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಕತ್ತರಿಯೂ ಬೇಡ. ಆದರೂ ಮೊದಲು ಆಸ್ಪತ್ರೆ ಮೆಟ್ಟಿಲು ಹತ್ತುವವಳು ಹೆಂಡತಿ. ಅಂಡಾಶಯದಿಂದ ಹೊರಬಿದ್ದ ಅಂಡ ಹೆಚ್ಚೆಂದರೆ ಒಂದು ದಿನ ಕಾಯುತ್ತದೆ, ವೀರ್ಯಾಣು ಐದು ದಿನದವರೆಗೂ ಬದುಕಿರಬಲ್ಲದು, ಎರಡೂ ಕೂಡುವುದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಈ ಕತೆಯ ಅರ್ಧ ಒಂದು ಕೋಣೆಯಲ್ಲಿ, ಇನ್ನರ್ಧ ಮತ್ತೊಂದು ಕೋಣೆಯಲ್ಲಿ ಹೇಳಿದರೆ ಯಾರಿಗೂ ಪೂರ್ತಿ ತಿಳಿಯುವುದಿಲ್ಲ.

ಮುಟ್ಟಿನ ವಿಷಯವನ್ನಂತೂ ಹುಡುಗರ ಎದುರೇ ಹೇಳಬೇಕು. ಅದು ‘ಕೆಟ್ಟ ರಕ್ತ’ ಎಂದು ಅವರೂ ನಂಬಿದ್ದಾರೆ. ಬಸಿರು ನಿಂತರೆ ಇರಲೆಂದು ಗರ್ಭಕೋಶ ತಿಂಗಳು ತಿಂಗಳೂ ಒಳಗೊಂದು ಮೆತ್ತನೆಯ ಪದರ ಕಟ್ಟುತ್ತದೆ, ನಿಲ್ಲದಿದ್ದರೆ ಕಳಚಿಹಾಕುತ್ತದೆ. ಮೂವತ್ತರಿಂದ ಎಂಬತ್ತು ಮಿಲಿಲೀಟರ್ ರಕ್ತ, ಸಣ್ಣ ಕಾಫಿ ಲೋಟದಷ್ಟು. ಬೆರಳು ಕೊಯ್ದರೆ ಬರುವ ರಕ್ತವೇ ಅದು. ಮೂತ್ರ ಬರುವ ದ್ವಾರ ಬೇರೆ, ಮುಟ್ಟು ಬರುವ ದ್ವಾರ ಬೇರೆ ಎಂಬುದು ಎರಡು ಮಕ್ಕಳ ತಾಯಂದಿರಿಗೂ ತಿಳಿದಿಲ್ಲದ್ದನ್ನು ನಾನು ಕಂಡಿದ್ದೇನೆ. ‘ಶುಚಿ’ ಯೋಜನೆಯಲ್ಲಿ ಸರ್ಕಾರ ಶಾಲೆಗೆ ಪ್ಯಾಡ್ ಕಳಿಸಿದಾಗ ಹುಡುಗಿಯರು ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ಲಂಗದ ಮರೆಯಲ್ಲಿ ಒಯ್ಯುತ್ತಿದ್ದರು. ಕಿಸಕ್ಕನೆ ನಗುವ ಹುಡುಗರು ಪಕ್ಕದಲ್ಲೇ ಇದ್ದರಲ್ಲ, ಅದಕ್ಕೆ. ಪಾಠ ಒಟ್ಟಿಗೆ ಮಾಡಿದ ವರ್ಷಗಳಲ್ಲಿ ಆ ನಗು ಮೊದಲ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಕೊನೆಯದು, ಇದು ನಮ್ಮ ಸಂಸ್ಕೃತಿಯಲ್ಲ ಎಂಬುದು. 2007ರಲ್ಲಿ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆದಾಗಲೂ ಇದೇ ಮಾತು ಕೇಳಿತ್ತು. ಚರಕ, ಸುಶ್ರುತ ಸಂಹಿತೆಗಳೆರಡರಲ್ಲೂ ಶಾರೀರಸ್ಥಾನವೆಂಬ ಭಾಗವಿದ್ದು, ಗರ್ಭ ತಿಂಗಳು ತಿಂಗಳು ಬೆಳೆಯುವುದನ್ನು ಅಲ್ಲಿ ಬಿಡಿಸಿ ಹೇಳಿದ್ದಾರೆ. ಅಷ್ಟು ಹಿಂದೆ ಹೋಗುವುದೂ ಬೇಡ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಿದ್ದ. ಬೀದಿಯ ಹೆಂಗಸರೆಲ್ಲ ಸೇರಿ ಆರತಿ ಎತ್ತಿ ಸೋಬಾನೆ ಹಾಡುತ್ತಿದ್ದರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ತಿನ್ನಿಸುತ್ತಿದ್ದರು. ಊರಿಗೆಲ್ಲ ಸಾರಿ ಹಬ್ಬ ಮಾಡಿದ ಸಂಗತಿಯ ಕಾರಣವನ್ನು ಕರಿಹಲಗೆಯ ಮೇಲೆ ಬರೆದರೆ ಮಾನ ಹೋಗುವುದು ಹೇಗೆ?

ಮನವಿಯಲ್ಲಿ ಒಂದು ಮಾತು ನಿಜ, ಅದನ್ನು ಒಪ್ಪುತ್ತೇನೆ. ಕೆಲವು ಕಡೆ ಈ ಪಾಠವನ್ನು ನಗೆಯಾಡಿಕೊಂಡು ಮಾಡುತ್ತಾರೆ, ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿ ಮುಜುಗರಕ್ಕೆ ತಳ್ಳುತ್ತಾರೆ. ಅದು ತಪ್ಪು. ಯಾವ ಮಗುವಿಗೂ ತನ್ನ ಮೈಯ ಬಗ್ಗೆ ಎಲ್ಲರೆದುರು ಹೇಳು ಎಂದು ನಾನು ಕೇಳುವುದಿಲ್ಲ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ, ನಾನು ಓದಿ ಉತ್ತರಿಸುತ್ತೇನೆ.

ಅರ್ಧವಾರ್ಷಿಕ ರಜೆ ಮುಗಿದ ಮೇಲಿನ ಸೋಮವಾರ ಮೂರನೆಯ ಪೀರಿಯಡ್‌ನಲ್ಲಿ ಆ ಚಿತ್ರಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ, ಮೊದಲು ಗಂಡಿನದು, ಆಮೇಲೆ ಹೆಣ್ಣಿನದು, ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ. ಸಹಿ ಹಾಕಿದವರಲ್ಲಿ ಯಾರು ಬಂದರೂ ಹಿಂದೆ ಕುರ್ಚಿ ಹಾಕಿಸಿರುತ್ತೇನೆ. ಚೀಟಿಯ ಡಬ್ಬಿ ಅವರಿಗೂ ತೆರೆದಿರುತ್ತದೆ.