ಡೇರೆ ಬೆಚ್ಚಗಿರಬೇಕಾಗಿಲ್ಲ, ಒಣಗಿರಬೇಕು



ಮಿಶಿಗನ್ನಿನಲ್ಲಿ ಪ್ರತಿವರ್ಷ ನವೆಂಬರ್ 15ರಂದು ಬಂದೂಕಿನ ಜಿಂಕೆ ಬೇಟೆಯ ಋತು ಆರಂಭವಾಗಿ ತಿಂಗಳ ಕೊನೆಯವರೆಗೆ ನಡೆಯುತ್ತದೆ. ವಿಸ್ಕಾನ್ಸಿನ್ನಿನಲ್ಲಿ ಥ್ಯಾಂಕ್ಸ್‌ಗಿವಿಂಗಿಗೆ ಮುಂಚಿನ ಶನಿವಾರದಿಂದ ಒಂಬತ್ತು ದಿನ. ಷಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಮುತ್ತಲ ನಮ್ಮ ಮನೆಗಳಲ್ಲಿ ಈ ದಿನಾಂಕಗಳಿಗೆ ಬಹುಕಾಲ ಯಾವ ಅರ್ಥವೂ ಇರಲಿಲ್ಲ. ಈಗ ಇಲ್ಲಿಯೇ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರು ಗೆಳೆಯರೊಡನೆ ಮೂರು ನಾಲ್ಕು ಜನರ ತಂಡ ಕಟ್ಟಿಕೊಂಡು, ಮ್ಯಾಕಿನಾ ಸೇತುವೆ ದಾಟಿ, ಹಯವಾಥಾ ಅಥವಾ ಒಟ್ಟಾವಾ ರಾಷ್ಟ್ರೀಯ ಅರಣ್ಯದ ಒಳಗೆ ನಡೆದುಹೋಗಿ ರಾತ್ರಿ ಕಳೆಯಲು ಹೊರಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ಬಂದೂಕು, ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ. ಬೇಟೆ ಸರಿಯೇ ತಪ್ಪೇ ಎಂಬ ವಾದವನ್ನು ನಿಮ್ಮ ನಿಮ್ಮ ಊಟದ ಮೇಜಿಗೆ ಬಿಟ್ಟು, ವೈದ್ಯನಾಗಿ ನನಗೆ ಹೆಚ್ಚು ಕಾಡುವ ಒಂದು ವಿಷಯವನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ: ಅವರು ಮಲಗುವ ಡೇರೆ.

ಡೇರೆಯ ವಿಷಯದಲ್ಲಿ ನಮಗೆ ಪರಂಪರೆಯ ತಿಳಿವಳಿಕೆ ಕಡಿಮೆ. ಮಲೆನಾಡಿನ ಬೇಟೆಗಾರ ಇರುಳೆಲ್ಲ ಮರಸು ಕೂತು ಬೆಳಗಾಗುವ ಹೊತ್ತಿಗೆ ಮನೆ ಸೇರುತ್ತಿದ್ದ. ಕಾಕನಕೋಟೆಯ ಖೆಡ್ಡಾಕ್ಕೆ ಬಂದ ಅತಿಥಿಗಳಿಗೆ ಡೇರೆಗಳಿದ್ದವು ನಿಜ, ಆದರೆ ಅವನ್ನು ಹೊರಲು ಆಳುಗಳೂ ಇದ್ದರು. ಆದ್ದರಿಂದ ನಾವು ಡೇರೆಯನ್ನು ಮನೆ ಕೊಳ್ಳುವಂತೆಯೇ ಕೊಳ್ಳುತ್ತೇವೆ: ನಿಂತು ಓಡಾಡುವಷ್ಟು ಎತ್ತರ, ಎರಡು ಕೋಣೆ, ದೊಡ್ಡ ಕಿಟಕಿ. ಬೇಸಿಗೆಯಲ್ಲಿ ಕಾರು ನಿಲ್ಲುವ ಕ್ಯಾಂಪಿಗೆ ಅದು ಸೊಗಸು. ನವೆಂಬರಿನಲ್ಲಿ ಅಷ್ಟು ದೊಡ್ಡ ಗುಡಾರದ ಒಳಗೆ ಚಳಿ ತಡೆಯಲಾಗದು. ಆಗ ಯಾರೋ ಒಬ್ಬರು, ಮಗುವಿನ ಮೇಲಿನ ಅಕ್ಕರೆಯಿಂದಲೇ, ಪ್ರೋಪೇನ್ ಹೀಟರೊಂದನ್ನು ತಂದುಕೊಡುತ್ತಾರೆ. ನನ್ನ ಆಕ್ಷೇಪವಿರುವುದು ಇಲ್ಲಿ.

ಉರಿಯುವ ಯಾವ ವಸ್ತುವಿಗಾದರೂ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ದಣಿದವನಿಗೆ ಅದು ಜ್ವರದ ಸೂಚನೆಯಂತೆಯೋ ಪಯಣದ ಆಯಾಸದಂತೆಯೋ ತೋರುತ್ತದೆ. ನಿದ್ದೆಯಲ್ಲಿರುವವನಿಗೆ ಆ ಸೂಚನೆಯೂ ಸಿಗದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಈ ಎರಡು ಅನಿಲಗಳ ವ್ಯತ್ಯಾಸವನ್ನು ಅರಿಯದೆ ಎಲ್ಲವೂ ಸರಿಯಾಗಿದೆಯೆಂಬ ಅಂಕಿಯನ್ನೇ ತೋರಿಸಬಹುದು. ಡೇರೆಯಿಂದ ಹೊರಗೆಳೆದು ಶುದ್ಧ ಗಾಳಿಯಲ್ಲಿ ಮಲಗಿಸಿದರೂ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಪೂರ್ಣ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಆದರೆ ಆ ಆಮ್ಲಜನಕವಿರುವುದು ಆಸ್ಪತ್ರೆಯಲ್ಲಿ. ಒಟ್ಟಾವಾ ಕಾಡಿನ ಒಳದಾರಿಗಳಲ್ಲಿ ಅನೇಕ ಕಡೆ ಫೋನಿನ ಸಂಕೇತವೂ ಸಿಗುವುದಿಲ್ಲ.

ಹೀಟರಿನಲ್ಲಿ ತಾನಾಗಿ ಆರುವ ರಕ್ಷಣೆಯಿದೆಯಲ್ಲ ಎಂದು ಕೇಳುವವರಿದ್ದಾರೆ. ಆ ಸಾಧನ ಗಮನಿಸುವುದು ಆಮ್ಲಜನಕದ ಕೊರತೆಯನ್ನು. ಕಾರ್ಬನ್ ಮಾನಾಕ್ಸೈಡನ್ನು ಅದು ಅಳೆಯುವುದಿಲ್ಲ. ಊರಿನಲ್ಲಿ ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯನ್ನು ಕಂಡವರು ಒಂದು ಮಾತನ್ನು ನೆನೆಯಬೇಕು: ಆ ಮನೆಗೆ ಹೆಂಚಿನ ಸಂದುಗಳಿದ್ದವು. ಇಂದಿನ ನೈಲಾನ್ ಬಟ್ಟೆಗೆ ಸಂದುಗಳಿಲ್ಲ, ಹಿಮ ಬಿದ್ದರೆ ಇರುವ ಗವಾಕ್ಷಿಯೂ ಮುಚ್ಚುತ್ತದೆ. ಆರಿದಂತೆ ಕಾಣುವ ಇದ್ದಿಲೂ ವಿಷ ಕಾರುತ್ತಲೇ ಇರುತ್ತದೆ. ಅದನ್ನೂ ಒಳಗೆ ತರಬಾರದು. ಕೊಳವೆಯುಳ್ಳ ಕಟ್ಟಿಗೆ ಒಲೆ ಹಚ್ಚುವ ವಿಶೇಷ ಡೇರೆಗಳು ಬೇರೆಯೇ ಜಾತಿ. ವರ್ಷಾನುಗಟ್ಟಲೆ ಅವನ್ನು ಬಳಸಿದ ಹಿರಿಯ ಬೇಟೆಗಾರನೊಬ್ಬ ಜೊತೆಗಿದ್ದು, ಎಚ್ಚರಿಕೆಯ ಗಂಟೆ ಬಾರಿಸುವ ಮಾಪಕವಿದ್ದು, ಮಲಗುವ ಮುನ್ನ ಬೆಂಕಿ ಆರಿಸುವ ಶಿಸ್ತು ಇದ್ದರೆ ನನ್ನ ತಕರಾರಿಲ್ಲ. ಮೊದಲ ವರ್ಷದ ತಂಡಕ್ಕೆ ಅದು ಬೇಡ.

ಹಾಗಾದರೆ ಬೆಚ್ಚಗಿರುವುದು ಹೇಗೆ? ಡೇರೆಯ ಕೆಲಸ ಗಾಳಿ ಮತ್ತು ನೀರನ್ನು ತಡೆಯುವುದಷ್ಟೇ. ಬಿಸಿ ಉಳಿಸುವುದು ಮಲಗುಚೀಲ ಮತ್ತು ಅಡಿಹಾಸಿನ ಕೆಲಸ. ದೊಡ್ಡ ಡೇರೆಗೆ ಸುರಿಯುವ ಹಣದ ಅರ್ಧವನ್ನು ಇವೆರಡಕ್ಕೆ ಹಾಕಿರಿ. ಚೀಲದ ಮೇಲೆ ಎರಡು ಉಷ್ಣಾಂಶಗಳಿದ್ದರೆ ಕಡಿಮೆಯದನ್ನು ನಂಬದೆ 'ಕಂಫರ್ಟ್' ಎಂದಿರುವುದನ್ನೇ ನೋಡಿರಿ. ಅಡಿಹಾಸಿನ ಆರ್-ಮೌಲ್ಯ ಈ ಋತುವಿಗೆ 5ರ ಆಸುಪಾಸಿನಲ್ಲಿರಲಿ. ತಣ್ಣನೆಯ ನೆಲ ಇರುಳಿಡೀ ಮೈಯ ಶಾಖವನ್ನು ಹೀರುತ್ತದೆ.

ಇನ್ನು ತೇವದ ಮಾತು. ಆರೋಗ್ಯವಂತನೊಬ್ಬ ಉಸಿರು ಮತ್ತು ಚರ್ಮದ ಮೂಲಕ ದಿನಕ್ಕೆ ಸುಮಾರು 700 ಮಿಲಿಲೀಟರ್ ನೀರನ್ನು ತನಗರಿವಿಲ್ಲದೆ ಕಳೆದುಕೊಳ್ಳುತ್ತಾನೆ. ಉತ್ತರ ಮಿಶಿಗನ್ನಿನ ನವೆಂಬರ್ ರಾತ್ರಿ 14 ಗಂಟೆಗಿಂತ ದೀರ್ಘ. ಹತ್ತು ಗಂಟೆ ಒಳಗಿದ್ದರೂ ನಾಲ್ವರು ಸೇರಿ ಒಂದು ಲೀಟರಿಗೂ ಹೆಚ್ಚು ನೀರನ್ನು ಡೇರೆಗೆ ಕೊಡುತ್ತಾರೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಗೂಡಿ ಮೈಮೇಲೆ ಬೀಳುತ್ತದೆ. ಮಳೆ ಬಿಟ್ಟರೂ ಮರದ ಹನಿ ಬಿಡದು ಎಂಬ ಗಾದೆ ಇಲ್ಲಿ ಮಳೆಯಿಲ್ಲದೆಯೇ ನಿಜವಾಗುತ್ತದೆ. ಹಕ್ಕಿಗರಿಯ ಚೀಲ ತೊಯ್ದರೆ ಅದರ ಉಬ್ಬು ಅಡಗಿ ಬಿಸಿ ಹೋಗುತ್ತದೆ. ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುವ ಗುಣವನ್ನು ನಮ್ಮ ಕುರುಬರ ಕಂಬಳಿಯಲ್ಲಿ ಕಂಡಿದ್ದೇವೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಅದರ ಮೊದಲ ಲಕ್ಷಣಗಳಲ್ಲಿ ವಿವೇಚನೆ ಮಂಕಾಗುವುದೂ ಒಂದು. ಬಂದೂಕು ಹಿಡಿದವನ ವಿವೇಚನೆ ಮಂಕಾಗುವುದು ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದಕಾರಣ ಎರಡು ಪದರದ ಡೇರೆಯನ್ನೇ ಆರಿಸಿರಿ: ಒಳಗೆ ಉಸಿರಾಡುವ ಬಟ್ಟೆ, ಹೊರಗೆ ನೆಲದವರೆಗೆ ಇಳಿಯುವ ಮಳೆಹೊದಿಕೆ, ಮೇಲೆ ತೆರೆದಿಡಬಹುದಾದ ಗವಾಕ್ಷಿ. ನಾಟಿ ಹೆಂಗಸರು ಬೆನ್ನಿಗೆ ಹೊದೆಯುತ್ತಿದ್ದ ಗೊರಬಿನ ತತ್ತ್ವವೂ ಇದೇ. ಮಳೆ ಮೇಲಿನಿಂದ ಜಾರಿಹೋಗುತ್ತದೆ, ಗಾಳಿ ಕೆಳಗಿನಿಂದ ಆಡುತ್ತದೆ.

ಗಾತ್ರದಲ್ಲಿ ಕಂಪನಿಯವರ ಲೆಕ್ಕವನ್ನು ನಂಬಬೇಡಿರಿ. ಅವರ 'ಇಬ್ಬರ' ಡೇರೆಯ ಅಗಲ ಬಹುಮಟ್ಟಿಗೆ 50 ಅಂಗುಲದ ಸುತ್ತ. 25 ಅಂಗುಲದ ಎರಡು ಅಡಿಹಾಸು ಹಾಕಿದರೆ ಮುಗಿಯಿತು, ದಪ್ಪ ಜಾಕೆಟ್ಟಿಗೂ ಜಾಗವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವ ನಾವು ಇಲ್ಲಿ ಮಾತ್ರ ಕಾಲನ್ನು ಮೊದಲು ಅಳೆದು ಹಾಸಿಗೆ ಕೊಳ್ಳಬೇಕು. ನಾಲ್ವರಿಗೆ ಒಂದೇ ದೊಡ್ಡ ಡೇರೆಗಿಂತ ಮೂವರ ಅಳತೆಯ ಎರಡು ತಗ್ಗಿನ ಡೇರೆಗಳು ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಹೊರೆ ತುಸು ಹೆಚ್ಚಿದರೂ ಇಬ್ಬಿಬ್ಬರಲ್ಲಿ ಹಂಚಿಹೋಗುತ್ತದೆ. ಸುಪೀರಿಯರ್ ಸರೋವರದ ನವೆಂಬರ್ ಗಾಳಿಗೆ ಒಂದರ ಕಂಬಿ ಮುರಿದರೆ ಇನ್ನೊಂದರಲ್ಲಿ ಎಲ್ಲರೂ ಕೂತು ಬೆಳಗು ಮಾಡಬಹುದು. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಎಂಬ ಭಾರಿ ಹಡಗನ್ನು 29 ಜನರೊಡನೆ ಮುಳುಗಿಸಿದ ಬಿರುಗಾಳಿ ಬೀಸಿದ್ದು ಈ ಸರೋವರದ ಮೇಲೆಯೇ. ಜೊತೆಗೆ ಹಗುರವಾದ ಒಂದು ಟಾರ್ಪಾಲು ಇರಲಿ. ಅಡುಗೆ, ಒಗ್ಗರಣೆ, ಹರಟೆಯೆಲ್ಲ ಡೇರೆಯಿಂದ ದೂರ ಅದರಡಿಯಲ್ಲಿ. ಆ ಕಾಡುಗಳಲ್ಲಿ ಕಪ್ಪು ಕರಡಿಗಳಿವೆ, ಇಂಗಿನ ವಾಸನೆ ಅವಕ್ಕೂ ಮೂಗಿಗೆ ಹತ್ತೀತು.

ಬಣ್ಣ? ಎಲೆಗಳ ನಡುವೆ ಮರೆಯಾಗುವ ಕಂದು ಹಸಿರನ್ನು ಬೇಟೆಗಾರರು ಇಷ್ಟಪಡುತ್ತಾರೆ. ಬಂದೂಕುಗಳು ಸುತ್ತಾಡುವ ಕಾಡಿನಲ್ಲಿ ಡೇರೆ ಮರೆಯಾಗುವುದು ನನಗಂತೂ ಜಾಣತನವೆನಿಸದು. ಕಿತ್ತಳೆ ಬಣ್ಣವನ್ನು ಜಿಂಕೆ ನಮ್ಮಂತೆ ಕಾಣಲಾರದು, ಮನುಷ್ಯ ಕಾಣಬಲ್ಲ. ಗೂಟ ಹೊಡೆಯದೆಯೂ ನಿಲ್ಲುವ ಚೌಕಟ್ಟು ಇದ್ದರೆ ನೆಲ ಹೆಪ್ಪುಗಟ್ಟಿದಾಗ ಉಪಯೋಗ, ಜಾಗ ಬದಲಿಸಲೂ ಸುಲಭ. ಜಾಗ ಬದಲಿಸಬೇಕಾಗಿ ಬರುವುದುಂಟು: 2002ರಲ್ಲಿ ಡೆಟ್ರಾಯಿಟ್ ಸಮೀಪದಲ್ಲೇ ಮೊದಲು ಪತ್ತೆಯಾದ ಹಸಿರು ಕೊರಕ ಹುಳು ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಒಣಗಿ ನಿಂತ ಮರದ ಕೆಳಗೆ ಡೇರೆ ಹಾಕಬಾರದು. ಡೇರೆ ಹಾಕುವ ಮುನ್ನ ತಲೆಯೆತ್ತಿ ನೋಡಿರಿ.

ಅಕ್ಟೋಬರಿನ ಒಂದು ಶನಿವಾರ, ನೇಪರ್‌ವಿಲ್ಲಿನಲ್ಲೋ ನೋವೈಯಲ್ಲೋ ನಿಮ್ಮ ಹಿತ್ತಲಿನಲ್ಲೇ, ಕತ್ತಲಾದ ಮೇಲೆ ಕೈಗವಸು ತೊಟ್ಟು ಅದನ್ನು ನಿಲ್ಲಿಸುವಂತೆ ಮಕ್ಕಳಿಗೆ ಹೇಳಿರಿ. ನಿಂತ ಮೇಲೆ ತೋಟದ ಕೊಳವೆಯಿಂದ ಹದಿನೈದು ನಿಮಿಷ ನೀರು ಬಿಡಿರಿ, ಇರುಳು ಅಲ್ಲೇ ಮಲಗಲಿ. ಸೋರುವ ಹೊಲಿಗೆ ಕಂಡರೆ ಅಂಗಡಿಗೆ ಹಿಂದಿರುಗಿಸಲು ಆಗ ಇನ್ನೂ ಸಮಯವಿರುತ್ತದೆ.