ಕಾಕಾನ ಟ್ರೇಡ್‌ಮಾರ್ಕು

ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಸಂತೋಷ. ಆದ್ರೆ ಅಲ್ಲಿ ಬಾಳೆ ಚಿಪ್ಸ್ ಮಾರೋ ನಮ್ಮ ಕಾಕಾಗೆ ಪ್ಯಾಕೆಟ್ ಮೇಲಿನ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆಯೇ ಬೇಕು. ಕಲಬುರಗಿಯ ಏಜೆಂಟರೊಬ್ಬರಿಗೆ ರೊಕ್ಕ ಕೊಟ್ಟು ಬಂದರು. ಕಚೇರಿಯ ಆಕ್ಷೇಪಣೆ ಏಜೆಂಟರ ಇಮೇಲಿಗೆ ಬಂತು. ಒಂದು ತಿಂಗಳೊಳಗೆ ಉತ್ತರ ಕೊಡಬೇಕಿತ್ತು. ಅವರು ಹೇಳಲೇ ಇಲ್ಲ, ಅರ್ಜಿ ಕೈಬಿಟ್ಟಂತೆ ಲೆಕ್ಕವಾಯ್ತು.

"ಈಗ ಯಾರಿಗಿ ಕೇಳೂದಪಾ?" ಅಂದರು ಕಾಕಾ. ನನ್ನತ್ರ ಉತ್ತರ ಇರಲಿಲ್ಲ.

ಏಜೆಂಟ್ ಆಗೋಕೆ ಪರೀಕ್ಷೆ ಉಂಟು. ಆದ ಮೇಲೆ? ದೆಹಲಿ ಹೈಕೋರ್ಟ್ ಹೇಳಿದ ಮೇಲೆ 2024ರಲ್ಲಿ ಪೇಟೆಂಟ್, ಟ್ರೇಡ್‌ಮಾರ್ಕ್ ಏಜೆಂಟರ ನಡತೆ ಸಂಹಿತೆಯ ಕರಡು ಬಂತು. ಒಳ್ಳೇದೇ. ಆದರೆ ನನ್ನ ಕೇಳಿಕೆ ಇನ್ನೂ ಚಿಕ್ಕದು: ಕಚೇರಿಯ ಪತ್ರ ಅರ್ಜಿದಾರರ ಮೊಬೈಲಿಗೂ ಕನ್ನಡದಲ್ಲೇ ಬರಲಿ. (ವೆಬ್‌ಸೈಟಲ್ಲಿ ಎಲ್ಲಾ ಇದೆ ಅಂತೀರಾ? ಕಾಕಾಗೆ ಇಂಗ್ಲಿಷ್ ಬರಲ್ಲ ಸ್ವಾಮಿ!) ಓದುವವರಲ್ಲಿ ಏಜೆಂಟರು ಯಾರಾದ್ರೂ ಇದ್ದರೆ ಬೈಯಿರಿ, ಆದ್ರೆ ಉತ್ತರ ಕೊಡಿ.